ಹೀಬ್ರೂ, ಗ್ರೀಕ್ ಬೈಬಲ್ ಪಾಠಗಳು: ಜಾಲದಲ್ಲಿ ಎಲ್ಲಿ, ಹೇಗೆ?

ಹಳೆಯ ಒಡಂಬಡಿಕೆಯ ಬಹುಭಾಗ ಹೀಬ್ರೂವಿನಲ್ಲಿದೆ. ದಾನಿಯೇಲ, ಎಜ್ರ ಗ್ರಂಥಗಳ ಕೆಲವು ಭಾಗ ಅರಾಮಿಕ್. ಹೊಸ ಒಡಂಬಡಿಕೆ ಗ್ರೀಕ್. ಬರೆದವರ ಕೈಬರಹದ ಪ್ರತಿ ಒಂದೂ ಉಳಿದಿಲ್ಲ, ಉಳಿದಿರುವುದು ಪ್ರತಿಯ ಪ್ರತಿಗಳು. ಹಾಗಾಗಿ ಅಂತರಜಾಲದಲ್ಲಿ ‘ಮೂಲ’ವೆಂದು ಸಿಗುವುದರಲ್ಲಿ ಮೂರು ಬಗೆಯಿದೆ: ಹಸ್ತಪ್ರತಿಯ ಚಿತ್ರ, ಸಂಪಾದಿತ ಪಾಠ, ಪದಾರ್ಥದ ಸಾಧನ. ಕಣ್ಣೆದುರಿಗಿರುವುದು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಬೇಕು.

ಹೀಬ್ರೂ ಪಾಠ

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ವೆಸ್ಟ್‌ಮಿನ್‌ಸ್ಟರ್ ಲೆನಿನ್‌ಗ್ರಾಡ್ ಕೋಡೆಕ್ಸ್ ಎಂಬ ಗಣಕ ಪಾಠ. ಕ್ರಿ.ಶ. 1008ರ ಸುಮಾರಿಗೆ ಕೈರೋದಲ್ಲಿ ಬರೆದ ಹಸ್ತಪ್ರತಿ ಇದರ ಆಧಾರ; ಪೂರ್ಣವಾಗಿ ಉಳಿದಿರುವ ಹೀಬ್ರೂ ಬೈಬಲ್‌ಗಳಲ್ಲಿ ಅದೇ ಅತಿ ಹಳೆಯದು. ಸೇಂಟ್ ಪೀಟರ್ಸ್‌ಬರ್ಗ್‌ನ ರಷ್ಯನ್ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಯಹೂದಿ ವ್ಯಾಖ್ಯಾನಗಳೊಡನೆ ಓದುವವರಿಗೆ ಸೆಫಾರಿಯಾ ಜಾಲತಾಣ ಒಳ್ಳೆಯದು. ವಚನವನ್ನು ಒತ್ತಿದರೆ ‘ರಾಶಿ’ ಎಂಬ ಪಂಡಿತನೇ ಮೊದಲಾದ ಮಧ್ಯಯುಗದ ವ್ಯಾಖ್ಯಾನಕಾರರ ಮಾತು ಪಕ್ಕದಲ್ಲೇ ತೆರೆದುಕೊಳ್ಳುತ್ತದೆ.

ಹೀಬ್ರೂ ಬಲದಿಂದ ಎಡಕ್ಕೆ ಸಾಗುತ್ತದೆ. ಸ್ವರಗಳನ್ನು ಸೂಚಿಸುವ ಚುಕ್ಕಿ, ಗೆರೆಗಳನ್ನು ವ್ಯಂಜನಗಳ ಕೆಳಗೋ ಮೇಲೋ ಹಾಕಿರುತ್ತಾರೆ. ಹುಡುಕಿದ ಪದ ಸಿಗದಿದ್ದರೆ ಆ ಗುರುತುಗಳನ್ನು ತೆಗೆದು ಮತ್ತೆ ಹುಡುಕಬೇಕು.

ಗ್ರೀಕ್ ಪಾಠ

ಹೊಸ ಒಡಂಬಡಿಕೆಗೆ ವಿದ್ವಾಂಸರು ನೆಚ್ಚುವುದು ನೆಸ್ಲೆ-ಆಲಂಡ್ ಆವೃತ್ತಿಯನ್ನು. 2012ರ 28ನೆಯ ಆವೃತ್ತಿಯ ಪಾಠವನ್ನು ಜರ್ಮನ್ ಬೈಬಲ್ ಸೊಸೈಟಿಯ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಪಾಠಾಂತರಗಳ ಅಡಿಟಿಪ್ಪಣಿ ಮಾತ್ರ ಅಲ್ಲಿಲ್ಲ. ಇಳಿಸಿಕೊಳ್ಳಲು ಬೇಕಿದ್ದರೆ ಮೈಕೆಲ್ ಹೋಮ್ಸ್ ಸಂಪಾದಿಸಿದ, 2010ರ ಎಸ್‌ಬಿಎಲ್ ಗ್ರೀಕ್ ಹೊಸ ಒಡಂಬಡಿಕೆ ಇದೆ.

ಹಸ್ತಪ್ರತಿಯನ್ನೇ ನೋಡಲು

ಮೃತ ಸಮುದ್ರದ ಸುರುಳಿಗಳಲ್ಲಿ ಒಂದಾದ, ಏಳು ಮೀಟರಿಗೂ ಉದ್ದದ ಯೆಶಾಯನ ಸುರುಳಿಯನ್ನು ಇಸ್ರೇಲ್ ಮ್ಯೂಸಿಯಂ 2011ರಲ್ಲಿ ಜಾಲಕ್ಕೆ ತಂದಿತು. ನಾಲ್ಕನೆಯ ಶತಮಾನದ ಗ್ರೀಕ್ ಪ್ರತಿ ಕೋಡೆಕ್ಸ್ ಸಿನಾಯ್ಟಿಕಸ್‌ನ ಹಾಳೆಗಳು ಲಂಡನ್, ಲೈಪ್‌ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸಿನಾಯಿಯ ಸೇಂಟ್ ಕ್ಯಾಥರೀನ್ ಮಠಗಳಿಗೆ ಹಂಚಿಹೋಗಿವೆ. 2009ರಿಂದ ಅವೆಲ್ಲ ತೆರೆಯ ಮೇಲೆ ಒಂದಾಗಿವೆ.

ಅಲ್ಲಿ ಮಾರ್ಕನ ಸುವಾರ್ತೆಯ ಕೊನೆಯ ಪುಟ ತೆರೆದು ನೋಡಿ. 16ನೆಯ ಅಧ್ಯಾಯ 8ನೆಯ ವಚನಕ್ಕೇ ನಿಲ್ಲುತ್ತದೆ. ಅಂಕಣದ ಉಳಿದ ಜಾಗ ಖಾಲಿ. ನಮ್ಮ ಕೈಯಲ್ಲಿರುವ ಬೈಬಲ್‌ನಲ್ಲಿ ಅದು 20ರವರೆಗೆ ಮುಂದುವರಿಯುತ್ತದೆ. ಪಂಪಭಾರತದ ಸಂಪಾದಿತ ಪ್ರತಿಯಲ್ಲಿ ಪಾಠಾಂತರಗಳನ್ನು ಕಂಡವರಿಗೆ ಇದು ಹೊಸತಲ್ಲ.

ಪದಾರ್ಥದ ನೆರವು

ಲಿಪಿ ಬಾರದವರಿಗೆ ಕೇಂಬ್ರಿಜ್‌ನ ಟಿಂಡೇಲ್ ಹೌಸ್ ರೂಪಿಸಿದ ಸ್ಟೆಪ್ ಬೈಬಲ್, ಜತೆಗೆ ಬೈಬಲ್ ಹಬ್ ನೆರವಾಗುತ್ತವೆ. ಇಂಥ ತಾಣಗಳಲ್ಲಿ ಪದದ ಜತೆ ಕಾಣುವ ಅಂಕಿ, 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಪ್ರಕಟಿಸಿದ ಪದಸೂಚಿಯದು. ಅಂಕಿ ಒತ್ತಿದರೆ ಆ ಪದ ಬಂದ ಕಡೆಗಳೆಲ್ಲ ಸಾಲಾಗಿ ಸಿಗುತ್ತವೆ.

ಆದರೆ ಅರ್ಥಪಟ್ಟಿಯಿಂದ ಇಷ್ಟವಾದುದನ್ನು ಆರಿಸಿಕೊಂಡರೆ ಓದಿದಂತಾಗದು. ಅರ್ಥವನ್ನು ನಿರ್ಧರಿಸುವುದು ಸಂದರ್ಭ. ಹೀಬ್ರೂವಿನ ‘ರೂಅಖ್’, ಗ್ರೀಕ್‌ನ ‘ಪ್ನ್ಯೂಮ’ ಎರಡಕ್ಕೂ ಗಾಳಿ, ಉಸಿರು, ಆತ್ಮ ಎಂಬ ಅರ್ಥಗಳಿವೆ. ಯೋಹಾನ 3:8ರಲ್ಲಿ ‘ಪ್ನ್ಯೂಮ’ ಮೊದಲು ಗಾಳಿಯಾಗಿ ಬೀಸುತ್ತದೆ, ಕೊನೆಗೆ ಆತ್ಮವಾಗುತ್ತದೆ. ಕನ್ನಡದಲ್ಲಿ ಅವು ಎರಡು ಬೇರೆ ಮಾತುಗಳು. ಆ ಶ್ಲೇಷೆ ಕಾಣಬೇಕಾದರೆ ಗ್ರೀಕ್ ಸಾಲನ್ನೇ ನೋಡಬೇಕು.