ನಮ್ಮ ಮನೆಯ ದನಿಪೆಟ್ಟಿಗೆಗಳು

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಹೋದವರೆಲ್ಲ ಬಲ್ಲ ಸಂಗತಿ ಇದು. ಡೆಂಕಣ ಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಲೇ ಕಣ್ಣು ಹಾಯುವವರೆಗೆ ನೆರೆದ ಜನವೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆ ಮೌನದಲ್ಲಿ ಅವನು ಒಂದೇ ಒಂದು ಸಾಲು ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಮರುಗಳಿಗೆಯಲ್ಲಿಯೇ ಜನರ ವಾದ ಮೊದಲಾಗುತ್ತದೆ: ಅವನು ಅಂದುದು ಅದಲ್ಲ, ಇದು ಎಂದು. ಬಾಲ್ಯದಲ್ಲಿ ತಂದೆಯ ಹೆಗಲ ಮೇಲೆ ಕುಳಿತು ನಾನೂ ಕೇಳಿದ್ದೆನು. ಸದ್ದು ಕೇಳಿಸಿತು, ಮಾತು ಕೇಳಿಸಲಿಲ್ಲ. ಇವೆರಡೂ ಬೇರೆ ಬೇರೆ ಎಂಬ ಪಾಠ ಅಂದೇ ಆಗಬೇಕಾಗಿದ್ದಿತು. ನನಗೆ ಅದನ್ನು ಕಲಿಯಲು ನಾಲ್ಕು ಬಗೆಯ ಸ್ಪೀಕರುಗಳು ಬೇಕಾದುವು.

ಶಬ್ದವನ್ನು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರವನ್ನು ಎಡಿಸನ್ 1877ರಲ್ಲಿ ಮಾಡಿದನು. ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳು 1902ರಲ್ಲಿ ಮುದ್ರಣಗೊಂಡುವು. ಆದರೆ ಆ ಕಾಲದ ಗ್ರಾಮಾಫೋನಿಗೆ ಸ್ಪೀಕರು ಇರಲಿಲ್ಲ. ಮುಳ್ಳಿನ ನಡುಕವನ್ನು ತಗಡಿನ ಕಹಳೆಯೊಂದು ದೊಡ್ಡದು ಮಾಡುತ್ತಿದ್ದಿತು, ಅಷ್ಟೆ. ಇಂದು ನಾವು ಬಳಸುವ ಮಾದರಿಯನ್ನು 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಲೋಕದ ಮುಂದಿಟ್ಟರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಆಲಿಕೆ. ವಿದ್ಯುತ್ತು ಏರಿಳಿದಂತೆ ಸುರುಳಿ ಹಿಂದೆ ಮುಂದೆ ಆಡುತ್ತದೆ; ಕಾಗದ ಗಾಳಿಯನ್ನು ತಳ್ಳುತ್ತದೆ; ಆ ಗಾಳಿ ನಮ್ಮ ಕಿವಿಯನ್ನು ಮುಟ್ಟುತ್ತದೆ.

ಇಂಥ ಕಾಗದದ ಆಲಿಕೆಯೊಂದು ನಮ್ಮ ಕೂಡ್ಲಿಗಿಯ ಮನೆಗೆ ಬಂದುದು ಅಜ್ಜ ಕೊಂಡ ವಾಲ್ವ್ ರೇಡಿಯೋದೊಳಗೆ ಕುಳಿತು. ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದ ಕಾಲ ಅದು. ಪಡಸಾಲೆಯ ಗೂಡಿನಲ್ಲಿ ಅದರ ಆಸನ. ಗುಂಡಿ ತಿರುಗಿಸಿ, ವಾಲ್ವುಗಳು ಕಾಯುವವರೆಗೆ ಎಲ್ಲರೂ ಸುಮ್ಮನೆ ಕೂಡಬೇಕು. ಅನಂತರ ಎಲ್ಲಿಯೋ ದೂರದಿಂದ ಬಂದಂತೆ ಧಾರವಾಡದ ದನಿ ತೇಲಿ ಬರುತ್ತಿದ್ದಿತು.

ಆ ದನಿಗೆ ಇದ್ದ ಬೆಲೆ ಇಂದಿನವರಿಗೆ ತಿಳಿಯುವುದು ಕಷ್ಟ. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ನಿಲಯ ಆರಂಭವಾದಾಗ ಧಾರವಾಡ ಮುಂಬಯಿ ರಾಜ್ಯದಲ್ಲಿದ್ದಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದರಾಸು ರಾಜ್ಯದಲ್ಲಿದ್ದುವು. 1953ರ ಅಕ್ಟೋಬರ್ 1ರಂದು ನಾವು ಮೈಸೂರಿಗೆ ಸೇರಿದೆವು. ಧಾರವಾಡದವರು ನಮ್ಮೊಡನೆ ಕೂಡಿದುದು 1956ರ ನವೆಂಬರ್ 1ರಂದು. ಭೂಪಟ ನಮ್ಮನ್ನು ಒಂದುಮಾಡುವ ಮೊದಲೇ ದನಿ ಒಂದುಮಾಡುವ ಕೆಲಸಕ್ಕೆ ಕೈಹಚ್ಚಿದ್ದಿತು.

ಎರಡನೆಯದು ಟೇಪ್ ರೆಕಾರ್ಡರು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ನಮ್ಮ ಓಣಿಗೆ ಬರುವ ವೇಳೆಗೆ ನಾನು ಶಾಲೆಯ ಹುಡುಗ. ಅದರ ಸ್ಪೀಕರು ಅಂಗೈಯಷ್ಟು, ಹೇಳುವಂಥದೇನೂ ಇಲ್ಲ.

ಮೂರನೆಯದೇ ನನ್ನ ಅಪರಾಧ. ಕಾಲೇಜಿನ ದಿನಗಳಲ್ಲಿ ಹನ್ನೆರಡು ಅಂಗುಲದ ಸ್ಪೀಕರುಗಳ ಹುಚ್ಚು ಹಿಡಿಯಿತು. ಹಗರಿಬೊಮ್ಮನಹಳ್ಳಿಯ ವ್ಯಾಪಾರಿಯೊಬ್ಬನಿಗೆ ಅಜ್ಜನ ರೇಡಿಯೋವನ್ನು ಕೊಟ್ಟು, ಅದರ ಬೆಲೆ ಕಳೆದು, ಒಂದು ಜೊತೆ ತಂದೆನು. ಕೊಟ್ಟೂರಿನ ಬಡಿಗೇರರು ಪ್ಲೈವುಡ್ಡಿನ ಪೆಟ್ಟಿಗೆ ಕಟ್ಟಿಕೊಟ್ಟರು. ಹಾಡು ಹಾಕಿದರೆ ಅಡುಗೆಮನೆಯ ತಟ್ಟೆಗಳು ಜಣಜಣಿಸುತ್ತಿದ್ದುವು. ನಾನು ಹಿಗ್ಗಿದೆನು. ತಂದೆ ಒಂದು ನಾಟಕದ ಕ್ಯಾಸೆಟ್ಟು ಹಾಕಿಸಿ ಸ್ವಲ್ಪ ಹೊತ್ತು ಕೇಳಿ, “ಗುಡುಗು ಚಲೋ ಐತಪ್ಪ, ಏನಂತಾನ ಅಂತ ತಿಳೀವಲ್ದು” ಎಂದರು.

ಕನ್ನಡ ಪಾಠ ಹೇಳುವವನಾದ ಮೇಲೆ ಇದರ ಕಾರಣ ತಿಳಿಯಿತು. ಮಾತಿನ ಗಾತ್ರವೆಲ್ಲ ಸ್ವರಗಳಲ್ಲಿದೆ; ಅವು ಕೆಳಗಿನ ಕಂಪನಗಳು. ಮಾತಿನ ಗುರುತು ಇರುವುದು ವ್ಯಂಜನಗಳಲ್ಲಿ. ಅವು ಮೇಲಿನವು, ಬಲದಲ್ಲಿ ಬಡವು. ಸಕಾರದ ಶಕ್ತಿ ಬಹುಮಟ್ಟಿಗೆ ಸೆಕೆಂಡಿಗೆ 4,000ಕ್ಕೂ ಮೀರಿದ ಕಂಪನಗಳಲ್ಲಿರುತ್ತದೆ. ಪೆಟ್ಟಿಗೆಯೇ ಗುಂಯ್‌ಗುಟ್ಟಿದರೆ ಆ ಬಡ ವ್ಯಂಜನಗಳ ಮೇಲೆ ಕಂಬಳಿ ಹೊದಿಸಿದಂತೆಯೇ. ಅಜ್ಜನ ರೇಡಿಯೋ ಮೇಲಿನ ಕಂಪನಗಳನ್ನು ಅಷ್ಟಾಗಿ ತಾರದಿದ್ದರೂ, ಅವನ್ನು ಮುಚ್ಚುವ ಗುಡುಗೂ ಅದರಲ್ಲಿರಲಿಲ್ಲ.

ನಾಲ್ಕನೆಯದನ್ನು ಸಂಬಳ ಕೂಡಿಟ್ಟು ಕೊಂಡೆನು: ಇಂಗ್ಲೆಂಡಿನ ಗಿಲ್ಬರ್ಟ್ ಬ್ರಿಗ್ಸ್ 1932ರಲ್ಲಿ ಆರಂಭಿಸಿದ ವಾರ್ಫ್‌ಡೇಲ್ ಹೆಸರಿನ ಪುಟ್ಟ ಜೋಡಿ. ಈ ವಿಷಯವನ್ನು ಓದುತ್ತಿರುವಾಗ ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಗಾಳಿಯಾಡದ ಚಿಕ್ಕ ಪೆಟ್ಟಿಗೆಯಿಂದಲೇ ಗಂಭೀರ ನಾದ ಹೊರಡಿಸಿದ ಕಥೆ ಕಣ್ಣಿಗೆ ಬಿದ್ದಿತು. ಅವನು ಪೆಟ್ಟಿಗೆಯೊಳಗೆ ಗಾಜಿನ ಎಳೆಯ ಉಣ್ಣೆ ತುಂಬುತ್ತಿದ್ದನು. ನಮ್ಮದು ಹತ್ತಿಯ ಸೀಮೆ. ಅಟ್ಟದ ಮೇಲಿದ್ದ ಹಳೆಯ ಪೆಟ್ಟಿಗೆಗಳನ್ನು ಇಳಿಸಿ, ಪಿಂಜಾರರಿಂದ ಹಿಂಜಿಸಿದ ಹತ್ತಿಯನ್ನು ಒಳಗೆ ತುರುಕಿದೆನು. ಗುಂಯ್‌ಗುಟ್ಟುವಿಕೆ ಅರ್ಧಕ್ಕರ್ಧ ಅಡಗಿತು. ಬಡಿಗೇರರ ಕೆಲಸದಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನ ಆಸೆಯದು.

ಅಷ್ಟರಲ್ಲಿ ತಂದೆಯ ಕಿವಿ ಮಂದವಾಗಿದ್ದಿತು. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನೇ. ನಾನು ಕೂಗಿದರೆ, “ಗಟ್ಟಿಯಾಗಿ ಅನಬ್ಯಾಡ, ಬಿಡಿಸಿ ಅನ್ನು” ಎನ್ನುವರು. ಒಮ್ಮೆ, “ಆ ರೇಡಿಯೋ ಇದ್ದಿದ್ರ ವಾರ್ತೆ ಕೇಳ್ತಿದ್ದೆ” ಎಂದರು. ನಾನು ತಲೆ ತಗ್ಗಿಸಿದೆನು. ಮರುದಿನ ಪುಟ್ಟ ಜೋಡಿಯಲ್ಲಿ ಒಂದನ್ನು ಅದೇ ಗೂಡಿನಲ್ಲಿ, ಅವರ ಕಿವಿಗೆ ನೇರವಾಗಿ ಇರಿಸಿ, ಕೆಳದನಿಯ ಗುಂಡಿಯನ್ನು ಪೂರ್ತಿ ಇಳಿಸಿ, ಮೊಬೈಲಿನಲ್ಲಿ ಬರುವ ಆಕಾಶವಾಣಿಯನ್ನು ಅದಕ್ಕೆ ಜೋಡಿಸಿದೆನು.

ಅದು 2021ರ ಫೆಬ್ರುವರಿ. ವಿಜಯನಗರ ಜಿಲ್ಲೆಯಾದ ವಾರ್ತೆ ಬಂದಿತು. ತಾಲ್ಲೂಕುಗಳ ಹೆಸರುಗಳನ್ನು ಓದಿದರು. ತಂದೆ ತಟ್ಟನೆ, “ಹರಪನಹಳ್ಳೀನೂ ಬಂತಲ್ಲ!” ಎಂದರು. 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿದ ತಾಲ್ಲೂಕು ಅದು. ಮದರಾಸು, ಮೈಸೂರು, ಕರ್ನಾಟಕ, ಈಗ ವಿಜಯನಗರ: ಮನೆ ಬದಲಿಸದೆ ಇಷ್ಟೆಲ್ಲ ವಿಳಾಸಗಳನ್ನು ಕಂಡ ಮನುಷ್ಯ ಒಂದು ಹೆಸರನ್ನೂ ತಪ್ಪಿಸಿಕೊಳ್ಳದೆ ಕೇಳಿದ್ದರು.

ಅಜ್ಜನ ರೇಡಿಯೋಕ್ಕಾಗಿ ಹಗರಿಬೊಮ್ಮನಹಳ್ಳಿಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇಂದಿಗೂ ಇಣಿಕಿ ನೋಡುತ್ತೇನೆ, ಸಿಕ್ಕಿಲ್ಲ. ವಾರ್ತೆಯ ವೇಳೆಯಾಯಿತೆಂದರೆ ತಂದೆ ಗೂಡಿನ ಕಡೆಗೆ ಕಿವಿಯಿಟ್ಟು, ಗದ್ದಲ ಮಾಡುವ ಮೊಮ್ಮಕ್ಕಳಿಗೆ ಕೈಯೆತ್ತಿ ‘ಸದ್ದಲೇ’ ಎನ್ನುತ್ತಾರೆ. ಮನೆ ಸುಮ್ಮನಾಗುತ್ತದೆ.