ಅದೇ ಕಟ್ಟಡ, ಅದೇ ಕಂಪನಿ, ಹೊಸ ಬೋರ್ಡು

ಮಂಗಳೂರಿನ ಹಳೇ ಬಂದರು ರಸ್ತೆಯ ದೊಡ್ಡ ಹೋಟೆಲು ಊರಿನ ಹಿರಿಯರಿಗೆ ಇವತ್ತಿಗೂ ತಾಜ್ ಮಂಜರೂನ್. ನಡುವೆ ಕೆಲವು ವರ್ಷ ಅದರ ಮೇಲೆ ಗೇಟ್‌ವೇ ಎಂಬ ಹೆಸರಿತ್ತು, ಆಮೇಲೆ ವಿವಾಂತಾ ಬಂತು. ಮೂರು ಹೆಸರೂ ಟಾಟಾ ಬಳಗದ ಇಂಡಿಯನ್ ಹೋಟೆಲ್ಸ್ ಕಂಪನಿಯವೇ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇದೇ ಕಂಪನಿಯ ತಾಜ್ ರೆಸಿಡೆನ್ಸಿ ವಿವಾಂತಾ ಬೈ ತಾಜ್ ಆಗಿ, ಕೊನೆಗೆ ತಾಜ್ ಎಂ.ಜಿ. ರಸ್ತೆ ಎಂಬ ಹೆಸರಿಗೆ ಬಂದು ನಿಂತಿದೆ. ಹೋಟೆಲನ್ನು ಯಾರೂ ಕೊಂಡಿಲ್ಲ, ಯಾರೂ ಮಾರಿಲ್ಲ. ನಡೆಸುವವರೂ ಅವರೇ. ಹಾಗಿದ್ದರೆ ಬೋರ್ಡು ಏಕೆ ಬದಲಾಗುತ್ತದೆ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಓದುಗರಿಗೆ ಈ ಪ್ರಶ್ನೆ ದೂರದ್ದೆನಿಸಬಹುದು. ಈ ಮೂರು ತಾಲ್ಲೂಕುಗಳಲ್ಲಿ ಇಂಥ ದೊಡ್ಡ ಸರಪಳಿಗಳ ಹೋಟೆಲುಗಳಿಲ್ಲ. ದೇವಲ ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆಂದು ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದ ಬರುವ ಯಾತ್ರಿಕರು ಅರ್ಚಕರ ಮನೆಯಲ್ಲೋ ಛತ್ರದಲ್ಲೋ ಸಣ್ಣ ಲಾಡ್ಜಿನಲ್ಲೋ ಇಳಿಯುತ್ತಾರೆ. ಎಷ್ಟೋ ಕುಟುಂಬಗಳಿಗೆ ಅಜ್ಜನ ಕಾಲದಿಂದ ಗೊತ್ತಿರುವ ಮನೆಯೇ ವಸತಿ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಬರುವವರೂ ಗುರುತು ಪರಿಚಯ ಹಿಡಿದೇ ಜಾಗ ಹುಡುಕುತ್ತಾರೆ. ಇಲ್ಲಿ ನಂಬಿಕೆ ಇರುವುದು ಮನುಷ್ಯನ ಮೇಲೆ. ಊರಿಗೇ ಹೊಸಬನಾದವನಿಗೆ, ಯಾರ ಪರಿಚಯವೂ ಇಲ್ಲದವನಿಗೆ, ಅಂಥ ನಂಬಿಕೆಯನ್ನು ಮುಂಚಿತವಾಗಿ ಕೊಡುವುದು ಸರಪಳಿ ಹೋಟೆಲಿನ ಕಸುಬು. ಬೋರ್ಡಿನ ಮೇಲಿನ ಹೆಸರು ಕೋಣೆ ಹೇಗಿದ್ದೀತು, ದರ ಎಷ್ಟಿದ್ದೀತು ಎಂಬುದನ್ನು ಬಾಗಿಲು ತೆರೆಯುವ ಮೊದಲೇ ಹೇಳಬೇಕು. ಹೆಸರು ಹೇಳಿದ್ದಕ್ಕೂ ಕೋಣೆಯಲ್ಲಿ ಕಂಡದ್ದಕ್ಕೂ ಅಂತರ ಬಿದ್ದಾಗ, ಕೋಣೆಯನ್ನು ತಿದ್ದಬೇಕು, ಇಲ್ಲವೇ ಹೆಸರನ್ನು. ಬೋರ್ಡು ಬದಲಾವಣೆಯ ಹಿಂದೆ ಹೆಚ್ಚಾಗಿ ಇರುವುದು ಈ ಅಂತರವೇ.

ಒಂದೇ ಕಂಪನಿ ಹಲವು ಹೆಸರು ಇಟ್ಟುಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಬೆಳೆದದ್ದು. 1952ರಲ್ಲಿ ಮೆಂಫಿಸ್ ನಗರದಲ್ಲಿ ಕೆಮ್ಮನ್ಸ್ ವಿಲ್ಸನ್ ಮೊದಲ ಹಾಲಿಡೇ ಇನ್ ತೆರೆದಾಗ, ಯಾವ ಊರಿಗೆ ಹೋದರೂ ಅದೇ ಹೆಸರು, ಅದೇ ಗುಣಮಟ್ಟ ಎಂಬುದು ಆತನ ಮಾತಾಗಿತ್ತು. ಮೂರು ದಶಕ ಕಳೆಯುವಷ್ಟರಲ್ಲಿ ಆ ಏಕರೂಪವೇ ತೊಡಕಾಯಿತು. ಹಳೆಯ ಕಟ್ಟಡ ಮತ್ತು ಹೊಸ ಕಟ್ಟಡ, ಹೆದ್ದಾರಿಯ ವಸತಿಗೃಹ ಮತ್ತು ನಗರದ ಗೋಪುರ, ಎಲ್ಲಕ್ಕೂ ಒಂದೇ ಹೆಸರು ಹಚ್ಚಿದರೆ ಗಿರಾಕಿಗೆ ಏನೂ ತಿಳಿಯುವುದಿಲ್ಲ. 1981ರಲ್ಲಿ ಕ್ವಾಲಿಟಿ ಇನ್ ಕಂಪನಿ ಕಂಫರ್ಟ್ ಇನ್ ಎಂಬ ಎರಡನೇ ಹೆಸರನ್ನು ತಂದಿತು, 1983ರಲ್ಲಿ ಮ್ಯಾರಿಯೆಟ್ ಕೋರ್ಟ್‌ಯಾರ್ಡ್ ಆರಂಭಿಸಿತು. ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಒಂದೇ ರಾಶಿಯ ತೊಗರಿ ಜರಡಿ ದಾಟಿ ಬೇರೆ ಬೇರೆ ದರ್ಜೆಯ ಚೀಲ ಸೇರುವಂತೆ, ಒಂದೇ ಕಂಪನಿಯ ಹೋಟೆಲುಗಳು ಬೇರೆ ಬೇರೆ ಹೆಸರಿನಡಿ ಹಂಚಿಹೋದವು. ವ್ಯತ್ಯಾಸವೂ ಇದೆ. ಬೇಳೆ ಒಮ್ಮೆ ಚೀಲ ಸೇರಿದರೆ ಮುಗಿಯಿತು. ಕಟ್ಟಡ ಹಾಗಲ್ಲ. ಅದಕ್ಕೆ ವಯಸ್ಸಾಗುತ್ತದೆ, ರಿಪೇರಿಯಾಗುತ್ತದೆ, ಪಕ್ಕದಲ್ಲೇ ಹೊಸ ಹೋಟೆಲು ಏಳುತ್ತದೆ. ಆದ್ದರಿಂದ ಇಲ್ಲಿ ಜರಡಿ ಮತ್ತೆ ಮತ್ತೆ ಹಿಡಿಯಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ಕತೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ತಾಜ್ ಬಳಗದಲ್ಲಿ. 1903ರಲ್ಲಿ ಮುಂಬೈಯಲ್ಲಿ ತೆರೆದ ತಾಜ್ ಮಹಲ್ ಹೋಟೆಲಿನ ಕೀರ್ತಿಯ ಮೇಲೆ ಬೆಳೆದ ಕಂಪನಿ ಅದು. ಅರಮನೆಯೂ ತಾಜ್, ವ್ಯಾಪಾರಸ್ಥರು ಇಳಿಯುವ ಹೋಟೆಲೂ ತಾಜ್, ಚಿಕ್ಕಮಗಳೂರಿನ ಗಾರ್ಡನ್ ರಿಟ್ರೀಟೂ ತಾಜ್. ರೆಸಿಡೆನ್ಸಿ, ಗಾರ್ಡನ್ ರಿಟ್ರೀಟ್ ಎಂಬ ಬಾಲಗಳಷ್ಟೇ ಬೇರೆ. ಕಡಿಮೆ ದರದ ವಸತಿಗೆ ಈ ಹೆಸರನ್ನು ಹಚ್ಚಲು ಕಂಪನಿಗೆ ಮನಸ್ಸಿರಲಿಲ್ಲ. 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಸಾವಿರ ರೂಪಾಯಿಯೊಳಗೆ ಕೋಣೆ ಕೊಡುವ ಹೊಸ ಬಗೆಯ ಹೋಟೆಲನ್ನು ಇಂಡಿಒನ್ ಎಂಬ ಹೆಸರಿನಿಂದ ತೆರೆದರು. ಇದರ ಕಲ್ಪನೆಯ ಹಿಂದೆ ಮ್ಯಾನೇಜ್‌ಮೆಂಟ್ ಚಿಂತಕ ಸಿ.ಕೆ. ಪ್ರಹ್ಲಾದ್ ಇದ್ದರು. ಸುಮಾರು ಎರಡು ವರ್ಷಗಳಲ್ಲಿ ಆ ಹೆಸರು ಹೋಗಿ ಜಿಂಜರ್ ಬಂತು, ಮೈಸೂರು, ಮಂಗಳೂರಿಗೂ ಹೋಯಿತು. ದೇಶವೆಲ್ಲ ಹರಡಿದ ಒಂದು ಹೋಟೆಲ್ ಹೆಸರು ಹುಟ್ಟಿದ್ದು ಕರ್ನಾಟಕದಲ್ಲಿ, ಅದೂ ಒಂದು ಬೋರ್ಡು ಬದಲಾವಣೆಯಿಂದ.

ತುದಿಯ ತಾಜ್‌ಗೂ ತಳದ ಜಿಂಜರ್‌ಗೂ ನಡುವೆ ಉಳಿದ ಜಾಗಕ್ಕೆ 2008ರಲ್ಲಿ ಗೇಟ್‌ವೇ ಬಂತು, 2010ರಲ್ಲಿ ವಿವಾಂತಾ ಬೈ ತಾಜ್. ಮಂಗಳೂರಿನ ಮಂಜರೂನ್, ಚಿಕ್ಕಮಗಳೂರಿನ ಗಾರ್ಡನ್ ರಿಟ್ರೀಟ್ ಗೇಟ್‌ವೇ ಆದವು. ಬೆಂಗಳೂರಿನ ತಾಜ್ ರೆಸಿಡೆನ್ಸಿ ವಿವಾಂತಾ ಆಯಿತು. ಯಶವಂತಪುರದ, ಮಡಿಕೇರಿಯ, ಕಾಸರಗೋಡು ಜಿಲ್ಲೆಯ ಬೇಕಲದ ಹೊಸ ಹೋಟೆಲುಗಳು ವಿವಾಂತಾ ಆಗಿಯೇ ಬಾಗಿಲು ತೆರೆದವು. ವಿಂಗಡಣೆಯ ತರ್ಕ ಸರಿಯೇ ಇತ್ತು. ಆದರೆ ಮಡಿಕೇರಿಯ ಬೆಟ್ಟದ ಮೇಲೆ, ಬೇಕಲದ ಕಡಲ ದಂಡೆಯ ಮೇಲೆ ಕಟ್ಟಿದ ದುಬಾರಿ ರೆಸಾರ್ಟುಗಳು ನಡುದರ್ಜೆಯ ಹೆಸರಿಗೆ ಮೀರಿದವಾಗಿದ್ದವು. ಹೆಸರು ಕಡಿಮೆ ಹೇಳುತ್ತಿತ್ತು, ಕಟ್ಟಡ ಹೆಚ್ಚು ಹೇಳುತ್ತಿತ್ತು.

2017ರಲ್ಲಿ ಅಂದಿನ ಮುಖ್ಯಸ್ಥ ರಾಕೇಶ್ ಸರ್ನಾ ಅವರ ಕಾಲದಲ್ಲಿ ಕಂಪನಿ ತಿರುಗಿ ನಿಂತಿತು. ಉಪಹೆಸರುಗಳನ್ನೆಲ್ಲ ಕೈಬಿಟ್ಟು ತಾಜ್ ಎಂಬ ಒಂದೇ ಹೆಸರಿನಡಿ ಬರುವುದೆಂದು ತೀರ್ಮಾನವಾಯಿತು. ಅದೇ ವರ್ಷದ ಕೊನೆಗೆ ಅವರ ಜಾಗಕ್ಕೆ ಪುನೀತ್ ಛತ್ವಾಲ್ ಬಂದರು, ವಿಂಗಡಣೆ ಮರಳಿತು. ವಿವಾಂತಾ ಉಳಿಯಿತು, 2019ರಲ್ಲಿ ಸೆಲೆಕ್ಷನ್ಸ್ ಎಂಬ ಹೊಸ ಗುಂಪು ಸೇರಿಕೊಂಡಿತು. ಈ ಮರುವಿಂಗಡಣೆಯ ಗದ್ದಲದಲ್ಲಿ ಎಂ.ಜಿ. ರಸ್ತೆ, ಯಶವಂತಪುರ, ಮಡಿಕೇರಿ, ಬೇಕಲದ ಹೋಟೆಲುಗಳು ತಾಜ್ ಪಂಕ್ತಿಗೆ ಏರಿದವು. ವೈಟ್‌ಫೀಲ್ಡ್‌ನಲ್ಲಿದ್ದ ವಿವಾಂತಾ ಹಾಗೆಯೇ ಉಳಿಯಿತು. ಮಂಗಳೂರಿನ ಗೇಟ್‌ವೇ, ಬೆಂಗಳೂರು ರೆಸಿಡೆನ್ಸಿ ರಸ್ತೆಯ ಗೇಟ್‌ವೇ ವಿವಾಂತಾ ಆದವು.

ಕತೆ ಅಲ್ಲಿಗೂ ನಿಲ್ಲಲಿಲ್ಲ. 2024ರಲ್ಲಿ ಗೇಟ್‌ವೇ ಎಂಬ ಹೆಸರಿಗೆ ಮರುಜೀವ ಬಂದು, ಅದೇ ಬೇಕಲದಲ್ಲಿ ಗೇಟ್‌ವೇ ಹೋಟೆಲು ತೆರೆಯಿತು. ಕನ್ನಡದ ಮನೆಗಳಿರುವ ಆ ಗಡಿ ಜಿಲ್ಲೆಯಲ್ಲಿ ಈಗ ಒಂದೇ ಕಂಪನಿಯ ಎರಡು ಹೋಟೆಲುಗಳು, ಎರಡು ದರ್ಜೆ, ಎರಡು ಹೆಸರು. ಮೊದಲಿನದು ವಿವಾಂತಾ ಆಗಿಯೇ ಉಳಿದಿದ್ದರೆ ಪಕ್ಕದ ಗೇಟ್‌ವೇಗೂ ಅದಕ್ಕೂ ಇರುವ ಅಂತರ ಗಿರಾಕಿಗೆ ಹೊಳೆಯುವುದು ಕಷ್ಟವಿತ್ತು. ಒಂದು ಹೋಟೆಲಿನ ದರ್ಜೆ ಅದರ ಕೋಣೆಗಳಿಂದ ಮಾತ್ರ ನಿಶ್ಚಯವಾಗುವುದಿಲ್ಲ, ಕಂಪನಿಯ ಅಕ್ಕಪಕ್ಕದ ಹೋಟೆಲುಗಳಿಂದಲೂ ಆಗುತ್ತದೆ ಎಂಬುದಕ್ಕೆ ಬೇಕಲಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಹಾಗೆಂದು ಹದಿನಾರು ವರ್ಷಗಳಲ್ಲಿ ಒಡೆದು, ಕೂಡಿಸಿ, ಮತ್ತೆ ಒಡೆದದ್ದನ್ನು ಮೆಚ್ಚಲಾರೆ. ಒಂದು ಹೆಸರಿಗೆ ಜನರ ಮನಸ್ಸಿನಲ್ಲಿ ಅರ್ಥ ಕೂಡಿಬರಲು ಹತ್ತು ವರ್ಷವಾದರೂ ಬೇಕು. ಗೇಟ್‌ವೇ ಎಂದರೇನೆಂದು ಮಂಗಳೂರಿಗೆ ತಿಳಿಯುವ ಹೊತ್ತಿಗೆ ಅದನ್ನು ಇಳಿಸಿಬಿಟ್ಟರು.

ಐಟಿಸಿಯ ದಾರಿ ಇಷ್ಟು ಅಂಕುಡೊಂಕಾದದ್ದಲ್ಲ. 1975ರಲ್ಲಿ ವೆಲ್‌ಕಮ್‌ಗ್ರೂಪ್ ಆಗಿ ಆರಂಭವಾದ ಅದರ ಹೋಟೆಲ್ ವ್ಯವಹಾರ ಮೇಲಿನ ದರ್ಜೆಗೆ ಐಟಿಸಿ, ಅದರ ಕೆಳಗೆ ವೆಲ್‌ಕಮ್‌ಹೋಟೆಲ್, ಅದಕ್ಕೂ ಕೆಳಗೆ ಫಾರ್ಚೂನ್ ಎಂದು ಹಂಚಿಕೊಂಡಿತು. ಬೆಂಗಳೂರಿನ ವಿಂಡ್ಸರ್ ಮ್ಯಾನರ್ ಶೆರಾಟನ್ ನಂಟು ಕಳಚಿ ಐಟಿಸಿ ವಿಂಡ್ಸರ್ ಆಯಿತು, ರಿಚ್‌ಮಂಡ್ ರಸ್ತೆಯ ಮೈ ಫಾರ್ಚೂನ್ ವೆಲ್‌ಕಮ್‌ಹೋಟೆಲ್ ಆಗಿ ಒಂದು ದರ್ಜೆ ಮೇಲೇರಿತು.

ಏರಿಕೆ ಇಳಿಕೆಗಳ ಲೆಕ್ಕ ತಿಳಿಯಬೇಕಾದರೆ ಕಟ್ಟಡದ ಒಡೆಯ ಬೇರೆ, ಹೆಸರಿನ ಒಡೆಯ ಬೇರೆ ಎಂಬುದನ್ನು ಮನಸ್ಸಿನಲ್ಲಿಡಬೇಕು. ಬೆಂಗಳೂರಿನ ರಾಜಾಜಿನಗರ–ಮಲ್ಲೇಶ್ವರದ ಅಂಚಿನ ಶೆರಾಟನ್ ಹೋಟೆಲು ಬ್ರಿಗೇಡ್ ಸಂಸ್ಥೆಯ ಆಸ್ತಿ, ಹೆಸರು ಮತ್ತು ನಿರ್ವಹಣೆ ಸರಪಳಿಯದು. 2011ರಲ್ಲಿ ಅದು ಬರಿಯ ಶೆರಾಟನ್. 2015ರಲ್ಲಿ ಶೆರಾಟನ್ ಹೆಸರಿನ ಒಡೆಯ ಕಂಪನಿ ತನ್ನ ಉತ್ತಮ ಹೋಟೆಲುಗಳಿಗೆ ಶೆರಾಟನ್ ಗ್ರ್ಯಾಂಡ್ ಎಂಬ ಮೇಲ್ದರ್ಜೆ ಮಾಡಿದ ಬಳಿಕ ಇದಕ್ಕೂ ಗ್ರ್ಯಾಂಡ್ ಸೇರಿತು. ಮರುವರ್ಷ ಮ್ಯಾರಿಯೆಟ್ ಆ ಕಂಪನಿಯನ್ನೇ ಕೊಂಡುಕೊಂಡಿತು, ಒಂದೇ ಮನೆಯಲ್ಲಿ ಮೂವತ್ತು ಹೆಸರುಗಳಾದವು. ಎಂ.ಜಿ. ರಸ್ತೆಯ ಬಳಿ ಮೊದಲು ಇಸ್ಟಾ ಎಂಬ ಹೋಟೆಲಾಗಿದ್ದದ್ದು ಹಯಾತ್ ಆಗಿ, ಆಮೇಲೆ ಅದೇ ಕಂಪನಿಯೊಳಗೆ ಹಯಾತ್ ಸೆಂಟ್ರಿಕ್ ಆಯಿತು. ಇಲ್ಲಿ ಮೊದಲ ಬದಲಾವಣೆ ಸರಪಳಿಯದು, ಎರಡನೆಯದು ದರ್ಜೆಯದು.

ಒಡೆಯ ಸರಪಳಿಗೆ ಸಾಮಾನ್ಯವಾಗಿ ವರಮಾನದಲ್ಲಿ ನೂರಕ್ಕೆ ಎರಡು ಮೂರರಷ್ಟು ಶುಲ್ಕ, ಮೇಲೆ ಲಾಭದಲ್ಲಿ ಒಂದು ಪಾಲು ಕೊಡುತ್ತಾನೆ. ಕೋಣೆಯ ಅಳತೆಯಿಂದ ಹಾಸಿಗೆ, ಸ್ನಾನದ ಮನೆ, ಊಟದ ಹೊತ್ತಿನವರೆಗೆ ಪ್ರತಿ ಹೆಸರಿಗೂ ಒಂದು ನಿಯಮಪುಸ್ತಕ ಇರುತ್ತದೆ. ಕೆಲವು ವರ್ಷಕ್ಕೊಮ್ಮೆ ಸರಪಳಿ ಕಟ್ಟಡವನ್ನು ಪರೀಕ್ಷಿಸಿ ದುರಸ್ತಿಯ ಪಟ್ಟಿ ಕೊಡುತ್ತದೆ. ಆ ಖರ್ಚು ಒಡೆಯನದು. ಖರ್ಚು ಮಾಡಿದರೆ ಹೆಸರು ಉಳಿದೀತು, ಮೇಲೂ ಏರೀತು. ಮಾಡಲಾಗದಿದ್ದರೆ ಎರಡು ದಾರಿ: ಸರಪಳಿಯನ್ನೇ ಬಿಡುವುದು, ಇಲ್ಲವೇ ಅದರೊಳಗೇ ಕೆಳಗಿನ ಹೆಸರಿಗೆ ಇಳಿಯುವುದು. ಎರಡನೆಯದು ಇಬ್ಬರಿಗೂ ಅನುಕೂಲ. ಬುಕಿಂಗ್ ವ್ಯವಸ್ಥೆ ಕೈತಪ್ಪುವುದಿಲ್ಲ, ಸದಸ್ಯ ಗಿರಾಕಿಗಳು ಬರುತ್ತಾರೆ, ಕೆಲಸಗಾರರು ಉಳಿಯುತ್ತಾರೆ. ಸರಪಳಿಗೆ ಹೋಟೆಲುಗಳ ಲೆಕ್ಕದಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಏರಿದ ಹೋಟೆಲು ಪತ್ರಿಕೆಗೆ ಪ್ರಕಟಣೆ ಕಳಿಸುತ್ತದೆ, ಇಳಿದದ್ದು ಸದ್ದಿಲ್ಲದೆ ಬೋರ್ಡು ಬದಲಿಸುತ್ತದೆ.

ಇನ್ನೊಂದು ಕಾರಣ ಕರಾರಿನಲ್ಲಿ ಅಡಗಿರುತ್ತದೆ. ನಿನ್ನ ಹೋಟೆಲಿನ ಸುತ್ತ ಇಷ್ಟು ದೂರದೊಳಗೆ ಇದೇ ಹೆಸರನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ ಎಂದು ಸರಪಳಿ ಒಡೆಯನಿಗೆ ಮಾತು ಕೊಟ್ಟಿರುತ್ತದೆ. ಅದೇ ಪ್ರದೇಶದಲ್ಲಿ ಎರಡನೇ ಹೋಟೆಲು ಬೇಕಾದಾಗ ಬೇರೆ ಹೆಸರು ಬೇಕೇ ಬೇಕು. ಸರಪಳಿಗಳ ಹೆಸರುಗಳು ಬೆಳೆಯುತ್ತಲೇ ಇರುವುದಕ್ಕೆ ಗಿರಾಕಿಯ ಅಭಿರುಚಿಗಿಂತ ಈ ಕರಾರು ದೊಡ್ಡ ಕಾರಣವೆಂದು ನನ್ನ ಎಣಿಕೆ.

ನಮ್ಮ ದೇಶದಲ್ಲಿ ತೆರಿಗೆಯೂ ದರ್ಜೆಯ ಗೆರೆ ಎಳೆದಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ 7500 ರೂಪಾಯಿ ಮತ್ತು ಅದಕ್ಕೂ ಮೇಲಿನ ಬಾಡಿಗೆಗೆ ಶೇ. 28 ತೆರಿಗೆ ಇತ್ತು, 2019ರಲ್ಲಿ ಅದು ಶೇ. 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್‌ನಿಂದ 7500ರವರೆಗಿನ ಕೋಣೆಗಳಿಗೆ ಶೇ. 5 ಮಾತ್ರ. ಆ ಮಿತಿ ದಾಟಿದ ಹೋಟೆಲಿನ ಊಟಕ್ಕೂ ಶೇ. 18, ಒಳಗಿದ್ದರೆ ಶೇ. 5. ಗೆರೆಯ ಆಸುಪಾಸಿನ ಹೋಟೆಲಿಗೆ ಮೇಲಿನ ಹೆಸರು ತಂದುಕೊಡುವ ಹೆಚ್ಚಿನ ಬಾಡಿಗೆಯ ಒಂದು ಭಾಗ ತೆರಿಗೆಗೇ ಹೋಗುತ್ತದೆ. ಸರ್ಕಾರ ಕೊಡುವ ನಕ್ಷತ್ರಗಳಿಗೂ ಈ ಹೆಸರುಗಳಿಗೂ ನೇರ ಸಂಬಂಧವಿಲ್ಲವೆಂಬುದನ್ನೂ ಹೇಳಬೇಕು. ನಕ್ಷತ್ರ ಕೊಡುವುದು ಪ್ರವಾಸೋದ್ಯಮ ಸಚಿವಾಲಯದ ಸಮಿತಿ, ಬೋರ್ಡು ಕೊಡುವುದು ಕಂಪನಿ.

ದರ್ಜೆಯೇ ಇಲ್ಲದ ಸರಪಳಿಯೂ ನಮ್ಮಲ್ಲಿದೆ. 1971ರಲ್ಲಿ ಸ್ಥಾಪನೆಯಾದ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ತನ್ನ ಬಹುತೇಕ ಹೋಟೆಲುಗಳಿಗೆ ಮಯೂರ ಎಂದೇ ಹೆಸರಿಟ್ಟಿತು: ಬಾದಾಮಿಯಲ್ಲಿ ಮಯೂರ ಚಾಲುಕ್ಯ, ವಿಜಯಪುರದಲ್ಲಿ ಮಯೂರ ಆದಿಲ್‌ಶಾಹಿ, ಕಲಬುರಗಿಯಲ್ಲಿ ಮಯೂರ ಬಹಮನಿ. ನಾಡಿನ ಚರಿತ್ರೆಯನ್ನು ಬೋರ್ಡಿಗೇರಿಸಿದ ಈ ಹೆಸರಿಡುವಿಕೆ ನನಗೆ ಬಹಳ ಇಷ್ಟ. ಆದರೆ ಹೆಸರು ಸ್ಥಳ ಹೇಳುತ್ತದೆಯೇ ಹೊರತು ಮಟ್ಟ ಹೇಳುವುದಿಲ್ಲ. ಒಂದು ಮಯೂರದಲ್ಲಿ ಕಂಡ ಕೋಣೆಯನ್ನು ನಂಬಿ ಇನ್ನೊಂದಕ್ಕೆ ಹೋಗುವಂತಿಲ್ಲ. ನಿಗಮದ ಒಡೆತನದಲ್ಲೇ ಇದ್ದ ಮೈಸೂರಿನ ಮೆಟ್ರೊಪೋಲ್ ಮೇಲ್ದರ್ಜೆಗೆ ಏರಿದ್ದು ರಾಯಲ್ ಆರ್ಕಿಡ್ ಕಂಪನಿಗೆ ಗುತ್ತಿಗೆ ಹೋದ ಮೇಲೆ. ನಿಗಮದೊಳಗೆ ಅದು ಏರಬಹುದಾದ ಹೆಸರೇ ಇರಲಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ಜಾಗತಿಕ ಸರಪಳಿ ಬಂದದ್ದು ಉಕ್ಕಿನ ಬೆನ್ನು ಹತ್ತಿ. 2012ರಲ್ಲಿ ತೋರಣಗಲ್ಲಿನ ಜಿಂದಾಲ್ ಟೌನ್‌ಶಿಪ್‌ನಲ್ಲಿ ಹಯಾತ್ ಪ್ಲೇಸ್ ಹಂಪಿ ತೆರೆಯಿತು. ಬೇಕಾದದ್ದು ಕಾರ್ಖಾನೆಗೆ ಬರುವವರಿಗೆ ಅಚ್ಚುಕಟ್ಟಾದ ಕೋಣೆ, ಆದ್ದರಿಂದ ಹಯಾತ್‌ನ ಸರಳ ದರ್ಜೆಯನ್ನೇ ಆರಿಸಿದರು. ಮೊದಲ ದಿನವೇ ಸರಿಯಾದ ಹೆಸರು ಹಚ್ಚಿದರೆ ಮುಂದೆ ಬದಲಿಸುವ ಪ್ರಮೇಯ ಕಡಿಮೆ.

ಜಿಲ್ಲಾ ಕೇಂದ್ರಗಳ, ಸಣ್ಣ ಪಟ್ಟಣಗಳ ಲಾಡ್ಜುಗಳನ್ನು ಈ ಆಟಕ್ಕೆ ಎಳೆದದ್ದು ತಾಜೂ ಅಲ್ಲ, ಹಯಾತೂ ಅಲ್ಲ, 2013ರಲ್ಲಿ ಆರಂಭವಾದ ಓಯೊ. ಹತ್ತಿಪ್ಪತ್ತು ಕೋಣೆಗಳ ಲಾಡ್ಜಿಗೂ ಅದು ಕೆಂಪು ಬೋರ್ಡು ಕೊಟ್ಟಿತು. ಆಮೇಲೆ ಅದೂ ಟೌನ್‌ಹೌಸ್, ಕ್ಯಾಪಿಟಲ್ ಓ, ಕಲೆಕ್ಷನ್ ಓ, ಸ್ಪಾಟ್ ಆನ್ ಎಂದು ಒಡೆಯಿತು. ಲಾಡ್ಜಿನವನು ಮೊಬೈಲಿನಲ್ಲಿ ಗಿರಾಕಿಗಳು ಕೊಟ್ಟ ಅಂಕಗಳ ಮೇಲೆ ಕಣ್ಣಿಟ್ಟು ಕೂರುವಂತಾಯಿತು. ದೊಡ್ಡ ಹೋಟೆಲಿಗೆ ವರ್ಷಗಳು ಹಿಡಿಯುವ ದರ್ಜೆಯ ಬದಲಾವಣೆ ಇಲ್ಲಿ ಬೇಗ ಆಗುತ್ತದೆ, ಆದರೆ ಸುಣ್ಣಬಣ್ಣ, ಹಾಸಿಗೆ, ಬೋರ್ಡಿನ ಹೊರೆ ಬೀಳುವುದು ಸಾಲ ಮಾಡಿ ಕಟ್ಟಿಸಿದ ಸ್ಥಳೀಯನ ಮೇಲೆ. ಈ ಅಸಮತೆ ನನ್ನನ್ನು ಬಹಳ ಕಾಡುತ್ತದೆ.

ಇನ್ನು ನಮ್ಮ ಮೂರು ತಾಲ್ಲೂಕುಗಳ ಮಾತು. ಸೂರತ್–ಚೆನ್ನೈ ಆರ್ಥಿಕ ಕಾರಿಡಾರ್‌ನ ಆರು ಪಥದ ಹೆದ್ದಾರಿಯ ಒಂದು ಭಾಗ ಅಫಜಲಪುರ ತಾಲ್ಲೂಕಿನ ಬಡದಾಳದಿಂದ ಜೇವರ್ಗಿ ತಾಲ್ಲೂಕಿನ ಮರಡಗಿ–ಆಂದೋಲಾ ಕಡೆಗೆ ಹಾಯುತ್ತದೆ. 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿದೆ, 2019ರಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣ ಬಂದಿದೆ. ಗಾಣಗಾಪುರದ ಯಾತ್ರಿಕರಂತೂ ಇದ್ದೇ ಇದ್ದಾರೆ. ರಸ್ತೆ ಬದಿಯ ಹೊಲದಲ್ಲಿ ನಲವತ್ತು ಕೋಣೆ ಕಟ್ಟಿಸುವವನ ಬಳಿಗೆ ಸರಪಳಿಯವರು ಒಂದು ದಿನ ಬಂದೇ ಬರುತ್ತಾರೆ. ಅವನು ಹೆಸರಿನ ಅಂದ ನೋಡುವ ಮೊದಲು ಕರಾರನ್ನು ಕನ್ನಡದಲ್ಲಿ ಓದಿಸಿಕೊಳ್ಳಬೇಕು. ಎಷ್ಟು ವರ್ಷದ ಕಟ್ಟು? ಕಂಪನಿ ತನ್ನ ಇಷ್ಟದಂತೆ ದರ್ಜೆ ಬದಲಿಸಿದರೆ ಹೊಸ ಬೋರ್ಡಿನ, ಹೊಸ ಹಾಸಿಗೆಯ ಖರ್ಚು ಯಾರದು? ಎಷ್ಟು ಕಿಲೋಮೀಟರಿನೊಳಗೆ ಇದೇ ಹೆಸರು ಮತ್ತೊಬ್ಬರಿಗೆ ಹೋಗಕೂಡದು, ಆ ಮಾತು ಕಂಪನಿಯ ಉಳಿದ ಹೆಸರುಗಳಿಗೂ ಅನ್ವಯಿಸುತ್ತದೆಯೇ? ವರಮಾನ ಬಿದ್ದ ವರ್ಷವೂ ಶುಲ್ಕ ಕಟ್ಟಬೇಕೇ? ಈ ನಾಲ್ಕಕ್ಕೂ ಉತ್ತರ ಸಹಿ ಹಾಕುವ ಮೊದಲೇ ಕಾಗದದ ಮೇಲೆ ಬರಬೇಕು.