ಸರಾಸರಿಯಿಂದ ನಕ್ಷೆಯ ಕಡೆಗೆ: ವಿದ್ಯಾರ್ಥಿ ಸಮೀಕ್ಷೆಗಳ ಅರವತ್ತು ವರ್ಷ

ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿಗಳ ಒಂದು ಸರಾಸರಿ ಸುಪ್ರೀಂ ಕೋರ್ಟಿನ ಕಟಕಟೆ ಹತ್ತಿದ್ದು 1962ರಲ್ಲಿ. ಹಿಂದುಳಿದ ವರ್ಗಗಳನ್ನು ಗುರುತಿಸಬೇಕಿದ್ದ ನಾಗನಗೌಡ ಸಮಿತಿ ಹೈಸ್ಕೂಲಿನ ಕೊನೆಯ ಮೂರು ತರಗತಿಗಳ ಮಕ್ಕಳನ್ನು ಜಾತಿವಾರು ಎಣಿಸಿ, ಆಯಾ ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಂದಿ ಓದುತ್ತಿದ್ದಾರೆಂದು ಲೆಕ್ಕ ತೆಗೆದಿತ್ತು. ಇಡೀ ರಾಜ್ಯದ ಸರಾಸರಿ 6.9. ಲಿಂಗಾಯತರದು 7.1. ಗೆರೆ ಎಲ್ಲಿ ಎಳೆಯಬೇಕು, ಯಾರು ಹಿಂದುಳಿದವರು ಎಂಬ ಜಗಳ ದಶಮಾಂಶ ಬಿಂದುವಿನ ಆಚೀಚೆ ನಿಂತಿತು. ಆ ಜಗಳ ಕೋರ್ಟಿಗೆ ಹೋದ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ತೀರ್ಪು ಬರೆದ ಪಿ.ಬಿ. ಗಜೇಂದ್ರಗಡ್ಕರ್ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಶೇ 68ರ ಮೀಸಲಾತಿಯನ್ನು ರದ್ದು ಮಾಡಿದ ತೀರ್ಪೆಂದು ಅದು ಎಲ್ಲರಿಗೂ ಗೊತ್ತು. ಆದರೆ ಅದರೊಳಗೆ ಅಂಕಿ-ಅಂಶದ ಪಾಠವೊಂದು ಅಡಗಿದೆ: ಸರಾಸರಿಗಿಂತ ಕೂದಲೆಳೆಯಷ್ಟು ಕೆಳಗಿದ್ದರೆ ಹಿಂದುಳಿದಂತಾಗದು, ಸರಾಸರಿಯ ಅರ್ಧಕ್ಕೂ ಕೆಳಗಿರುವವರ ವಿಷಯದಲ್ಲಾದರೆ ಅನುಮಾನವಿಲ್ಲ. ಅಂದರೆ ಸರಾಸರಿ ಎಷ್ಟು ಎನ್ನುವುದಕ್ಕಿಂತ ಅದರಿಂದ ಯಾರು ಎಷ್ಟು ದೂರ ಇದ್ದಾರೆ ಎನ್ನುವುದು ದೊಡ್ಡ ಪ್ರಶ್ನೆ.

ಮುಂದೆ ರಾಣೆಬೆನ್ನೂರಿನ ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗವೂ ಇದೇ ಹಾದಿ ಹಿಡಿಯಿತು. 1972ರ ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದವರನ್ನು ಹಿಡಿದು ಸಾವಿರಕ್ಕೆ 1.69 ಎಂಬ ರಾಜ್ಯ ಸರಾಸರಿ ತೆಗೆದು, ಅದರ ಅರ್ಧದ ಮೇಲೆ-ಕೆಳಗೆ ಎಂದು ಸಮುದಾಯಗಳನ್ನು ವಿಂಗಡಿಸಿತು. ಲೆಕ್ಕ ಬದಲಾಯಿತು, ಹತಾರ ಬದಲಾಗಲಿಲ್ಲ. ಒಂದು ಸಮುದಾಯದೊಳಗೆ ಊರಿನ ಹುಡುಗನಿಗೂ ಹಳ್ಳಿಯ ಹುಡುಗಿಗೂ ಇರುವ ಅಂತರ ಇಂಥ ಒಂದೇ ಅಂಕಿಯಲ್ಲಿ ಕಾಣುವಂತಿರಲಿಲ್ಲ.

ಇಂಥ ಅಂತರವನ್ನು ತೋರಿಸಬಲ್ಲ ನಕ್ಷೆಗಳೇನೂ ಹೊಸವಲ್ಲ. ವಿಲಿಯಂ ಪ್ಲೇಫೇರ್ 1786ರಲ್ಲೇ ಸ್ತಂಭ ನಕ್ಷೆ ಬರೆದಿದ್ದ, 1801ರಲ್ಲಿ ಪೈ ಚಾರ್ಟ್. ಆದರೆ ಬಹುಕಾಲ ಅವು ಲೆಕ್ಕ ಮುಗಿದ ಮೇಲೆ ವರದಿಗೆ ಹಚ್ಚುವ ಅಲಂಕಾರ. ಮೊದಲು ನೋಡು, ಆಮೇಲೆ ಲೆಕ್ಕ ಹಾಕು ಎಂದು ಆ ಕ್ರಮವನ್ನು ತಿರುಗಿಸಿದವನು ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ. ಮಧ್ಯಾಂಕ, ಅದರ ಎರಡೂ ಕಡೆ ನಡುವಿನ ಅರ್ಧ ಜನ, ಗುಂಪಿನಿಂದ ಹೊರಗುಳಿದ ಒಂದೆರಡು ಚುಕ್ಕೆ, ಇಷ್ಟನ್ನೂ ಒಂದೇ ಪೆಟ್ಟಿಗೆಯಲ್ಲಿ ತೋರಿಸುವ ಬಾಕ್ಸ್ ಪ್ಲಾಟ್ ಅವನದು. ಈ ವಿಧಾನದ ಮೇಲಿನ ಅವನ ಪುಸ್ತಕ ಬಂದದ್ದು 1977ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕಂಬ್ ಸರಾಸರಿಯೂ ಸಹಸಂಬಂಧವೂ ಹೆಚ್ಚುಕಡಿಮೆ ಒಂದೇ ಆಗಿರುವ ನಾಲ್ಕು ದತ್ತಾಂಶಗಳನ್ನು ಮುಂದಿಟ್ಟಿದ್ದ. ನಕ್ಷೆ ಬರೆದರೆ ನಾಲ್ಕೂ ಬೇರೆ ಬೇರೆ ಪ್ರಾಣಿಗಳು.

ನಮ್ಮಲ್ಲಿ ಈ ದೃಷ್ಟಿಯನ್ನು ಜನರ ಬಳಿಗೆ ತಂದದ್ದು, ನನ್ನ ಲೆಕ್ಕದಲ್ಲಿ, 2005ರಲ್ಲಿ ಶುರುವಾದ, ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ. ಅದು ಮಗುವಿಗೆ ಅಂಕ ಕೊಡುವುದಿಲ್ಲ. ಅಕ್ಷರ, ಪದ, ಒಂದನೇ ತರಗತಿಯ ಪ್ಯಾರಾ, ಎರಡನೇ ತರಗತಿಯ ಕಥೆ, ಇವುಗಳಲ್ಲಿ ಯಾವ ಮೆಟ್ಟಿಲಿನಲ್ಲಿ ಎಷ್ಟು ಮಕ್ಕಳು ನಿಂತಿದ್ದಾರೆ ಎಂದಷ್ಟೇ ಹೇಳುತ್ತದೆ. ಸರಾಸರಿಯ ಬದಲು ಹರಡಿಕೆ. ಆದರೆ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಎಂಬ ಅದರ ಲೆಕ್ಕದಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ ಬರುವುದೇ ಇಲ್ಲ. ಅದರ ಅಂಕಿ ಹಿಡಿದು ಅವಳಿ ನಗರದ ಶಾಲೆಗಳ ಮೇಲೆ ಭಾಷಣ ಮಾಡುವವರು ಇದನ್ನು ಮರೆಯುತ್ತಾರೆ.

ಕಾಲೇಜುಗಳಿಗೆ ಸಮೀಕ್ಷೆಯ ಚಟ ಹತ್ತಿದ್ದು ಅವುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನಿಂದ. 2017ರ ಪರಿಷ್ಕೃತ ಕ್ರಮದಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಸೇರಿತು: 21 ಪ್ರಶ್ನೆ, ಅದರಲ್ಲಿ 20ಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. 1932ರಲ್ಲಿ ಲೈಕರ್ಟ್ ಹಾಕಿಕೊಟ್ಟ ಅಳತೆಯ ಮೊಮ್ಮಗ ಇದು. ಹತ್ತು ವಿದ್ಯಾರ್ಥಿಗಳೂ 2 ಎಂದರೆ ಸರಾಸರಿ 2. ಐವರು 4, ಐವರು 0 ಎಂದರೂ ಸರಾಸರಿ 2. ಮೊದಲನೆಯದು ಸಪ್ಪೆ ತರಗತಿ, ಎರಡನೆಯದು ಒಡೆದ ತರಗತಿ. ಮುಂದಿನ ಬೆಂಚಿಗೆ ಮಾತ್ರ ಪಾಠ ಮಾಡುವ ಮೇಷ್ಟ್ರು ಸಿಗುವುದು ಸ್ತಂಭ ನಕ್ಷೆಯಲ್ಲಿ, ಸರಾಸರಿಯಲ್ಲಲ್ಲ.

ಧಾರವಾಡದ ಯಾವುದೇ ಕಾಲೇಜಿನಲ್ಲಿ ‘ಬರೋದಕ್ಕ ಎಷ್ಟು ನಿಮಿಷ ಬೇಕು?’ ಎಂದು ಕೇಳಿದರೆ ಏನಾದೀತು, ಊಹಿಸಿ. ಸಪ್ತಾಪುರದ ರೂಮಿನಲ್ಲಿರುವವರು ಹತ್ತು ಎನ್ನುತ್ತಾರೆ. ನವಲಗುಂದ, ಕಲಘಟಗಿ ಕಡೆಯಿಂದ ಬಸ್ಸಿಗೆ ಬರುವವರಿಗೆ ತಾಸಿನ ಮೇಲೆ. ನಲವತ್ತರ ಹತ್ತಿರ ಸರಾಸರಿ ಬಂದರೆ ಆ ನಲವತ್ತು ನಿಮಿಷದ ವಿದ್ಯಾರ್ಥಿ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿದ ಕೆಲವರನ್ನು ಬಿಟ್ಟರೆ ಎಲ್ಲೂ ಸಿಗಲಿಕ್ಕಿಲ್ಲ. ಹಿಸ್ಟೋಗ್ರಾಂ ಬರೆದರೆ ಎರಡು ಗುಡ್ಡ ಕಾಣುತ್ತವೆ. ಇನ್ನೊಂದೂ ಕಾಣುತ್ತದೆ: 30, 45, 60ರಲ್ಲಿ ಚೂಪಾದ ಕಂಬಗಳು. ಯಾರೂ ಗಡಿಯಾರ ನೋಡಿ ಬರೆದಿಲ್ಲ, ಅಂದಾಜು ಹಾಕಿದ್ದಾರೆ. ಮನೆಯ ಆದಾಯ ಕೇಳಿದರಂತೂ ಉತ್ತರಗಳು ಸ್ಕಾಲರ್‌ಶಿಪ್ಪಿನ ಮಿತಿಯ ಕೆಳಗೇ ಗುಂಪುಗೂಡುತ್ತವೆ. ಅಲ್ಲಿ ಬಡತನ ಎಷ್ಟು, ಪ್ರಮಾಣಪತ್ರ ಎಷ್ಟು ಎಂದು ಬಿಡಿಸಲು ಯಾವ ಸೂತ್ರವೂ ಸಾಲದು.

ಈಗ ಗೂಗಲ್ ಫಾರ್ಮ್ ತಾನೇ ಬಣ್ಣಬಣ್ಣದ ಪೈ ಚಾರ್ಟ್ ಕೊಡುತ್ತದೆ. ಹೋಳುಗಳು ಐದಾರು ಆದರೆ ಯಾವುದು ದೊಡ್ಡದೆಂದು ಕಣ್ಣಿಗೆ ತಿಳಿಯದು. ಅದನ್ನೇ ಸ್ಕ್ರೀನ್‌ಶಾಟ್ ತೆಗೆದು ವರದಿಗೆ ಅಂಟಿಸುವುದು ರೂಢಿ. ಅದಕ್ಕಿಂತ ದೊಡ್ಡ ತೊಂದರೆ ಚಾರ್ಟಿಗೆ ಬಾರದವರದು. ನ್ಯಾಕ್‌ನ ಆ ಕ್ರಮ ಕೇಳಿದ್ದೇ ವಿದ್ಯಾರ್ಥಿಗಳಲ್ಲಿ ಒಂದು ಪಾಲಿನ ಉತ್ತರ. ಉಳಿದವರು ತೃಪ್ತರಾಗಿ ಸುಮ್ಮನಿದ್ದಾರೋ, ಬೇಸತ್ತು ಲಿಂಕ್ ಒತ್ತಲಿಲ್ಲವೋ ತಿಳಿಯಬೇಕಾದರೆ ಕನಿಷ್ಠ ಉತ್ತರಿಸಿದವರ ಹಾಜರಾತಿ, ವಿಭಾಗ, ಊರು ಇವನ್ನು ಇಡೀ ತರಗತಿಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಆ ಪಟ್ಟಿ ಪ್ರತಿ ಕಾಲೇಜಿನ ಆಫೀಸಿನಲ್ಲೂ ಇದೆ.